ರಕ್ತದ ಇದ್ದಿಲು, ರೇಷ್ಮೆಯ ಇದ್ದಿಲು

ಇವತ್ತಿನ ಮಾತು ಇದ್ದಿಲಿನ ಬಗ್ಗೆ. ಕಟ್ಟಿಗೆಯ ಇದ್ದಿಲಲ್ಲ. ಕಸಾಯಿಖಾನೆಯಲ್ಲಿ ಹರಿದುಹೋಗುವ ರಕ್ತ, ರೇಷ್ಮೆ ಗೂಡಿನಲ್ಲಿ ನೂಲಿಗೆ ಬಾರದೆ ಉಳಿದ ಎಳೆ, ಕೊನೆಗೆ ಮನುಷ್ಯರ ಮೂತ್ರ ಕೂಡ. ಇವನ್ನು ಒಣಗಿಸಿ, ಗಾಳಿ ತಾಗದ ಕುಲುಮೆಯಲ್ಲಿ ಕಾಯಿಸಿದರೆ ಒಂದು ಕರಿ ಪುಡಿ ಉಳಿಯುತ್ತದೆ. ಆ ಪುಡಿ ಪ್ಲಾಟಿನಂ ಮಾಡುವ ಕೆಲಸವನ್ನು ಮಾಡಬಲ್ಲದು. ಪೂರ್ತಿಯಾಗಿ ಅಲ್ಲ, ಎಲ್ಲ ಕಡೆಯೂ ಅಲ್ಲ. ಆದರೂ ಮಾಡಬಲ್ಲದು. ಹೇಗೆ ಮಾಡುತ್ತದೆ, ಎಲ್ಲಿಯ ತನಕ ಮಾಡುತ್ತದೆ ಎಂಬುದನ್ನು ನಿಮ್ಮ ಮುಂದಿಡುತ್ತೇನೆ.

ಮೊದಲು ಪ್ಲಾಟಿನಂ ಎಲ್ಲಿ ಬೇಕಾಗುತ್ತದೆ ಎಂದು ನೋಡೋಣ. ಇಂಧನ ಕೋಶ ಎಂಬ ಹೆಸರನ್ನು ನೀವು ಕೇಳಿರಬಹುದು. ಫ್ಯೂಯೆಲ್ ಸೆಲ್ ಎಂದರೂ ಅದೇ. ಒಂದು ತೆಳ್ಳನೆಯ ಪೊರೆಯನ್ನು ಊಹಿಸಿಕೊಳ್ಳಿ. ಅದರ ಎರಡೂ ಮೈಗೆ ಕಪ್ಪು ಲೇಪ ಹಚ್ಚಿದೆ. ಎಡಗಡೆಯಿಂದ ಜಲಜನಕದ ಅನಿಲ ಬರುತ್ತದೆ. ಬಲಗಡೆಯಿಂದ ಗಾಳಿ ಬರುತ್ತದೆ. ನಮಗೆ ಬೇಕಾದದ್ದು ಅದರಲ್ಲಿರುವ ಆಮ್ಲಜನಕ. ಜಲಜನಕದ ಪರಮಾಣು ತನ್ನ ಎಲೆಕ್ಟ್ರಾನನ್ನು ಎಡಗಡೆಯಲ್ಲೇ ಬಿಟ್ಟು, ಪೊರೆಯನ್ನು ದಾಟಿ ಬಲಕ್ಕೆ ಹೋಗುತ್ತದೆ. ಎಲೆಕ್ಟ್ರಾನಿಗೆ ಪೊರೆಯಲ್ಲಿ ದಾರಿಯಿಲ್ಲ. ಅದು ಹೊರಗಿನ ತಂತಿಯಲ್ಲಿ ಸುತ್ತಿಕೊಂಡು ಬರಬೇಕು. ಹಾಗೆ ಬರುವಾಗ ದೀಪ ಉರಿಯುತ್ತದೆ, ಮೋಟಾರು ತಿರುಗುತ್ತದೆ. ಬಲಗಡೆ ಮೂವರೂ ಕೂಡಿದಾಗ ನೀರಾಗುತ್ತದೆ. ಅಲ್ಲಿಗೆ ಕೆಲಸ ಮುಗಿಯಿತು. ಹೊಗೆಯಿಲ್ಲ, ಸದ್ದಿಲ್ಲ.

ಇದು ಹೊಸ ವಿಚಾರವೇನಲ್ಲ. 1839ರಲ್ಲೇ ವೇಲ್ಸ್‌ನ ವಿಲಿಯಂ ಗ್ರೋವ್ ಈ ಪರಿಣಾಮವನ್ನು ಗಮನಿಸಿ ಬರೆದಿದ್ದರು. ಅವರು ವಕೀಲಿಕೆ ಓದಿದವರು, ಮುಂದೆ ನ್ಯಾಯಾಧೀಶರೂ ಆದರು. ಅವರು ಗಂಧಕಾಮ್ಲದಲ್ಲಿ ಅದ್ದಿದ್ದು ಪ್ಲಾಟಿನಂ ಪಟ್ಟಿಗಳನ್ನು. ಸುಮಾರು 185 ವರ್ಷ ಕಳೆದರೂ ಆ ಲೋಹ ಈ ಸಾಧನವನ್ನು ಬಿಟ್ಟುಹೋಗಿಲ್ಲ.

ಯಾಕೆ ಬಿಟ್ಟುಹೋಗಿಲ್ಲ? ತೊಡಕು ಇರುವುದು ಬಲಗಡೆಯಲ್ಲಿ. ಜಲಜನಕ ಬೇಗ ಬಿಡಿಯಾಗುತ್ತದೆ. ಆಮ್ಲಜನಕ ಹಾಗಲ್ಲ. ಅದರ ಎರಡು ಪರಮಾಣುಗಳು ಒಂದನ್ನೊಂದು ಗಟ್ಟಿಯಾಗಿ ಹಿಡಿದಿರುತ್ತವೆ. ಅವನ್ನು ಬಿಡಿಸಿ, ನಾಲ್ಕು ಎಲೆಕ್ಟ್ರಾನುಗಳನ್ನು ಉಣಿಸಿ, ನೀರಾಗಿಸಬೇಕು. ಪ್ಲಾಟಿನಂ ಮೇಲೆ ಕೂಡ ಈ ಕ್ರಿಯೆ ಜಲಜನಕದ ಕ್ರಿಯೆಗಿಂತ ಲಕ್ಷಾಂತರ ಪಟ್ಟು ನಿಧಾನ. ಲೆಕ್ಕದ ಪ್ರಕಾರ ಒಂದು ಕೋಶದಿಂದ 1.2 ವೋಲ್ಟ್ ಸಿಗಬೇಕು. ಕೆಲಸಕ್ಕೆ ಹಚ್ಚಿದಾಗ ಸಿಗುವುದು ಹೆಚ್ಚುಕಡಿಮೆ ಅದರ ಅರ್ಧ. ನಷ್ಟದ ದೊಡ್ಡ ಪಾಲು ಆಗುವುದು ಇದೇ ಬಲಗಡೆಯಲ್ಲಿ. ಹಾಗಾಗಿ ಪ್ಲಾಟಿನಂನ ಹೆಚ್ಚಿನ ಭಾಗವನ್ನು ಸುರಿಯುವುದೂ ಅಲ್ಲೇ. ತಾನು ಖರ್ಚಾಗದೆ ಕ್ರಿಯೆಯನ್ನು ಚುರುಕು ಮಾಡುವ ಇಂಥ ವಸ್ತುವನ್ನು ವೇಗವರ್ಧಕ ಎನ್ನುತ್ತೇವೆ.

ಇಲ್ಲಿಯ ತನಕ ಹೇಳಿದ್ದನ್ನು ಒಮ್ಮೆ ಕೂಡಿಸಿಕೊಳ್ಳೋಣ. ಜಲಜನಕ ಮತ್ತು ಆಮ್ಲಜನಕ ಸೇರಿ ನೀರಾಗುವಾಗ ವಿದ್ಯುತ್ ಸಿಗುತ್ತದೆ. ಆಮ್ಲಜನಕ ಅಷ್ಟು ಸುಲಭಕ್ಕೆ ಒಗ್ಗುವುದಿಲ್ಲ. ಅದನ್ನು ಒಗ್ಗಿಸುವ ಕೆಲಸ ಪ್ಲಾಟಿನಂನದು.

ಈಗ ಆ ಪ್ಲಾಟಿನಂ ಎಷ್ಟಿದೆ ಎಂದು ಕೇಳೋಣ. ಜಗತ್ತಿನ ಗಣಿಗಳಿಂದ ವರ್ಷಕ್ಕೆ ಮೇಲೆ ಬರುವುದು ಸುಮಾರು 180 ಟನ್. ಅದರಲ್ಲಿ ನೂರಕ್ಕೆ 70 ಭಾಗ ಒಂದೇ ದೇಶದ್ದು, ದಕ್ಷಿಣ ಆಫ್ರಿಕಾದ್ದು. 2014ರಲ್ಲಿ ಮಾರುಕಟ್ಟೆಗೆ ಬಂದ ಟೊಯೋಟಾ ಮಿರಾಯ್ ಕಾರಿನಲ್ಲಿ ಸರಿಸುಮಾರು 30 ಗ್ರಾಂ ಪ್ಲಾಟಿನಂ ಇತ್ತು. ಒಂದು ವರ್ಷದ ಅಷ್ಟೂ ಪ್ಲಾಟಿನಂ ಅನ್ನು ಇಂಥ ಕಾರುಗಳಿಗೇ ಕೊಟ್ಟರೂ 60 ಲಕ್ಷ ಕಾರುಗಳಾಗಬಹುದು. ಜಗತ್ತು ವರ್ಷಕ್ಕೆ ತಯಾರಿಸುವ ವಾಹನಗಳು 9 ಕೋಟಿಯ ಆಸುಪಾಸು. ಎಂಜಿನಿಯರುಗಳು ಪ್ಲಾಟಿನಂ ಪ್ರಮಾಣವನ್ನು ಇಳಿಸುತ್ತಲೇ ಬಂದಿದ್ದಾರೆ, ನಿಜ. ಆದರೂ ಈ ಲೆಕ್ಕ ನನ್ನನ್ನು ಕಾಡುತ್ತದೆ. ಹೊಗೆಯಿಲ್ಲದ ಶಕ್ತಿ ಎಲ್ಲರಿಗೂ ತಲುಪಬೇಕು ಎನ್ನುವವರು ಇಷ್ಟು ಅಪರೂಪದ ಲೋಹವನ್ನು ನೆಚ್ಚಿ ಕೂರುವುದು ಸರಿಯಲ್ಲ.

ಹಾಗಾದರೆ ಪ್ಲಾಟಿನಂ ಇಲ್ಲದೆ ಆಮ್ಲಜನಕವನ್ನು ನೀರಾಗಿಸಲು ಸಾಧ್ಯವೇ? ಸಾಧ್ಯ. ಈ ಮಾತನ್ನು ಕೇಳುತ್ತಿರುವ ಹೊತ್ತಿನಲ್ಲೇ ನೀವು ಅದನ್ನು ಮಾಡುತ್ತಿದ್ದೀರಿ. ನೀವು ಒಳಗೆಳೆದುಕೊಂಡ ಉಸಿರಿನ ಆಮ್ಲಜನಕದ ಬಹುಪಾಲು ನಿಮ್ಮ ಜೀವಕೋಶಗಳಲ್ಲಿ ನೀರಾಗುತ್ತದೆ. ಅದೇ ನಾಲ್ಕು ಎಲೆಕ್ಟ್ರಾನ್, ಅದೇ ಕ್ರಿಯೆ. ಅದನ್ನು ನಡೆಸುವುದು ಸೈಟೋಕ್ರೋಮ್ ಆಕ್ಸಿಡೇಸ್ ಎಂಬ ಕಿಣ್ವ. ಅದರಲ್ಲಿ ಈ ಕೆಲಸಕ್ಕೆ ದುಡಿಯುವ ಲೋಹಗಳು ಕಬ್ಬಿಣ ಮತ್ತು ತಾಮ್ರ. ಕಬ್ಬಿಣ ಒಂಟಿಯಾಗಿರುವುದಿಲ್ಲ. ಅದರ ಸುತ್ತ ನಾಲ್ಕು ಸಾರಜನಕದ ಪರಮಾಣುಗಳು ಇರುತ್ತವೆ. ರಕ್ತಕ್ಕೆ ಕೆಂಪು ಬಣ್ಣ ಕೊಡುವ ಹೀಮ್ ಎಂಬ ಅಣುವಿನಲ್ಲೂ ಇದೇ ಜೋಡಣೆ. ನಡುವೆ ಒಂದು ಕಬ್ಬಿಣ, ನಾಲ್ಕು ದಿಕ್ಕಿಗೆ ನಾಲ್ಕು ಸಾರಜನಕ, ಅದರಾಚೆ ಇಂಗಾಲದ ಚೌಕಟ್ಟು. ಕೇಳುಗರೇ, ಈ ಜೋಡಣೆಯನ್ನು ನೆನಪಿಟ್ಟುಕೊಳ್ಳಿ. ಇಡೀ ಮಾತು ನಿಂತಿರುವುದು ಇದರ ಮೇಲೆ.

ನೂರು ವರ್ಷದ ಹಿಂದೆ, 1920ರ ದಶಕದಲ್ಲಿ, ಬರ್ಲಿನ್ನಿನ ದಾಲೆಮ್ ಬಡಾವಣೆಯ ಪ್ರಯೋಗಶಾಲೆಯಲ್ಲಿ ಓಟೋ ವಾರ್‌ಬರ್ಗ್ ಜೀವಕೋಶ ಹೇಗೆ ಉಸಿರಾಡುತ್ತದೆ ಎಂದು ಹುಡುಕುತ್ತಿದ್ದರು. ಕೋಶದೊಳಗೆ ಇಣುಕುವ ಸಾಧನಗಳು ಆಗ ಇರಲಿಲ್ಲ. ಅವರು ಒಂದು ಬದಲಿಯನ್ನು ಮಾಡಿಕೊಂಡರು. ರಕ್ತವನ್ನು ಸುಟ್ಟು ಇದ್ದಿಲು ಮಾಡಿದರು. ಆ ಇದ್ದಿಲನ್ನು ನೀರಿಗೆ ಹಾಕಿ, ಅದರಲ್ಲಿ ಅಮೈನೋ ಆಮ್ಲ ಬೆರೆಸಿ, ಆಮ್ಲಜನಕ ಕೊಟ್ಟರು. ಮೈಯ ಬಿಸಿಯಷ್ಟೇ ಬಿಸಿಯಲ್ಲಿ ಅಮೈನೋ ಆಮ್ಲ ಆಮ್ಲಜನಕವನ್ನು ಹೀರಿಕೊಂಡು ಒಡೆಯತೊಡಗಿತು. ಕೋಶದ ಒಳಗೆ ನಡೆಯುವಂಥದ್ದೇ ಕೆಲಸ ಗಾಜಿನ ಪಾತ್ರೆಯಲ್ಲಿ ನಡೆಯಿತು. ಶುದ್ಧ ಸಕ್ಕರೆಯನ್ನು ಸುಟ್ಟು ಮಾಡಿದ ಇದ್ದಿಲಿನಿಂದ ಇದು ಆಗಲಿಲ್ಲ. ಸಕ್ಕರೆಯಲ್ಲಿ ಕಬ್ಬಿಣವೂ ಇಲ್ಲ, ಸಾರಜನಕವೂ ಇಲ್ಲ. ಇನ್ನೊಂದು ಸುಳಿವೂ ಸಿಕ್ಕಿತು. ಸಯನೈಡ್ ವಿಷ ಜೀವಕೋಶದ ಉಸಿರಾಟವನ್ನು ನಿಲ್ಲಿಸುತ್ತದೆ. ರಕ್ತದ ಇದ್ದಿಲಿನ ಕೆಲಸವನ್ನೂ ಅದು ತಡೆಯಿತು. ಸಾರಜನಕಕ್ಕೆ ಅಂಟಿದ ಕಬ್ಬಿಣವೇ ಇಲ್ಲಿ ಕರ್ತೃ ಎಂಬ ತೀರ್ಮಾನಕ್ಕೆ ವಾರ್‌ಬರ್ಗ್ ಬಂದರು. ಉಸಿರಾಟದ ಕಿಣ್ವದ ಮೇಲಿನ ಕೆಲಸಕ್ಕೆ 1931ರಲ್ಲಿ ಅವರಿಗೆ ನೊಬೆಲ್ ಬಂತು.

ರಕ್ತದ ಇದ್ದಿಲನ್ನು ಅವರು ವಿದ್ಯುತ್ತಿಗಾಗಿ ಮಾಡಿದ್ದಲ್ಲ. ಆದರೂ ಇವತ್ತು ಹೊಸ ಶೋಧ ಎಂದು ಬರುವ ಎಷ್ಟೋ ಸುದ್ದಿಗಳ ಮೂಲಪಾಠ ಅಲ್ಲಿದೆ ಎಂದೇ ನನ್ನ ಅಭಿಪ್ರಾಯ. ಈಗಲೂ ಪ್ರಯೋಗಶಾಲೆಗಳಲ್ಲಿ ಇಂಥ ಪುಡಿಗೆ ಸಯನೈಡ್ ಹಾಕಿ ನೋಡುತ್ತಾರೆ. ಕೆಲಸ ಕುಗ್ಗಿದರೆ, ದುಡಿಯುತ್ತಿದ್ದದ್ದು ಕಬ್ಬಿಣ ಎಂದು ಗೊತ್ತಾಗುತ್ತದೆ.

ಹಾಗಾದರೆ ಈ ತನಕದ ಮಾತು ಇಷ್ಟು. ನಮ್ಮ ಮೈ ಪ್ಲಾಟಿನಂ ಇಲ್ಲದೆ ಆಮ್ಲಜನಕವನ್ನು ನಿಭಾಯಿಸುತ್ತದೆ. ಅದರ ಗುಟ್ಟು ಕಬ್ಬಿಣ, ಸಾರಜನಕ, ಇಂಗಾಲಗಳ ಜೋಡಣೆ. ಸುಟ್ಟ ಮೇಲೂ ಆ ಗುಟ್ಟು ಸ್ವಲ್ಪ ಉಳಿದುಕೊಳ್ಳುತ್ತದೆ.

ಅಲ್ಲಿಂದ ಇಂಧನ ಕೋಶಕ್ಕೆ ಬಂದ ದಾರಿಯನ್ನು ಬೇಗ ಬೇಗ ಹೇಳಿಬಿಡುತ್ತೇನೆ. 1964ರಲ್ಲಿ ಅಮೆರಿಕದ ರೇಮಂಡ್ ಜಸಿನ್‌ಸ್ಕಿ, ಕೋಬಾಲ್ಟ್ ಥ್ಯಾಲೋಸಯನಿನ್ ಎಂಬ ವರ್ಣದ್ರವ್ಯದ ಜಾತಿಯ ವಸ್ತು ಆಮ್ಲಜನಕದ ಕ್ರಿಯೆಯನ್ನು ನಡೆಸುತ್ತದೆ ಎಂದು ತೋರಿಸಿದರು. ಅದರಲ್ಲೂ ಲೋಹದ ಸುತ್ತ ನಾಲ್ಕು ಸಾರಜನಕ. ಆದರೆ ಅದು ಆಮ್ಲದಲ್ಲಿ ಬಾಳಲಿಲ್ಲ. 1970ರ ದಶಕದಲ್ಲಿ ಅಂಥ ವಸ್ತುಗಳನ್ನು ಕುಲುಮೆಯಲ್ಲಿ ಕಾಯಿಸಿದರೆ ಇನ್ನಷ್ಟು ಗಟ್ಟಿಯಾಗುತ್ತವೆ ಎಂದು ಗೊತ್ತಾಯಿತು. 1989ರಲ್ಲಿ ಕ್ಲೀವ್‌ಲ್ಯಾಂಡಿನ ಅರ್ನೆಸ್ಟ್ ಯೇಗರ್ ಅವರ ತಂಡ ಇನ್ನೂ ಮುಂದೆ ಹೋಯಿತು. ದುಬಾರಿ ವರ್ಣದ್ರವ್ಯವೇ ಬೇಕೆಂದಿಲ್ಲ ಎಂದಿತು. ಸಾರಜನಕ ಇರುವ ಒಂದು ಅಗ್ಗದ ಪಾಲಿಮರ್, ಒಂದಿಷ್ಟು ಲೋಹದ ಲವಣ, ಒಂದಿಷ್ಟು ಇಂಗಾಲ. ಮೂರನ್ನೂ ಬೆರೆಸಿ ಕಾಯಿಸಿದರೆ ಬಿಸಿಯಲ್ಲಿ ಆ ಜೋಡಣೆ ತಾನೇ ಕೂಡಿಕೊಳ್ಳುತ್ತದೆ.

ಬಾಗಿಲು ತೆರೆದದ್ದು ಇಲ್ಲಿ. ಸಾರಜನಕ ಬೇಕು, ಇಂಗಾಲ ಬೇಕು, ಚೂರು ಕಬ್ಬಿಣ ಬೇಕು. ಇವು ಮೂರೂ ಒಟ್ಟಿಗೆ ಎಲ್ಲಿ ಸಿಗುತ್ತವೆ? ಬದುಕಿದ್ದ ಯಾವುದೇ ಮೈಯಲ್ಲಿ. ಗಾಳಿಯಲ್ಲಿ ನೂರಕ್ಕೆ 78 ಭಾಗ ಸಾರಜನಕ ಇದೆ. ಆದರೆ ಅದನ್ನು ಹಿಡಿದು ಇಂಗಾಲಕ್ಕೆ ಜೋಡಿಸುವುದು ಕಷ್ಟದ ಕೆಲಸ. ಆ ಕಷ್ಟವನ್ನು ಮಣ್ಣಿನ ಸೂಕ್ಷ್ಮಜೀವಿ, ಗಿಡ, ಪ್ರಾಣಿ ಆಗಲೇ ಪಟ್ಟಿರುತ್ತವೆ. ಪ್ರೋಟೀನಿನ ತೂಕದಲ್ಲಿ ನೂರಕ್ಕೆ ಸುಮಾರು 16 ಪಾಲು ಸಾರಜನಕ. ರೇಷ್ಮೆಯಲ್ಲಿ ಇನ್ನೂ ತುಸು ಹೆಚ್ಚು, 18ರ ಹತ್ತಿರ. ನಾವು ಇಂಥ ಕಸವನ್ನು ಚರಂಡಿಗೆ ಬಿಟ್ಟರೆ ಕೆರೆ ಕೆಡುತ್ತದೆ, ಬಯಲಲ್ಲಿ ಸುಟ್ಟರೆ ಗಾಳಿ ಕೆಡುತ್ತದೆ. ಜೀವ ಇಷ್ಟು ದುಡಿದು ಕೂಡಿಸಿದ್ದನ್ನು ಹೀಗೆ ಕಳೆಯುವುದು ನನಗೆ ನಿಜಕ್ಕೂ ನೋವಿನ ಸಂಗತಿ.

ಯಾರು ಯಾರು ಏನು ಮಾಡಿದರು? ಜಪಾನಿನ ಒಸಾಕಾ ನಗರದ ತಾಂತ್ರಿಕ ಸಂಶೋಧನಾ ಸಂಸ್ಥೆಯಲ್ಲಿ 2005ರ ಹೊತ್ತಿಗೆ ಕ್ಯಾಟಲೇಸ್ ಎಂಬ ಕಿಣ್ವವನ್ನು, ಆಮೇಲೆ ರಕ್ತದ ಹಿಮೋಗ್ಲೋಬಿನ್ನನ್ನು ಇದ್ದಿಲಾಗಿಸಿ ಇಂಧನ ಕೋಶದಲ್ಲಿ ಕೂರಿಸಿದರು. 2014ರಲ್ಲಿ ಕೊರಿಯಾದಲ್ಲಿ ಮಾನವ ಮೂತ್ರವನ್ನು ಒಣಗಿಸಿ, ಕಾಯಿಸಿ, ಲವಣವನ್ನು ತೊಳೆದು ತೆಗೆದು, ರಂಧ್ರಗಳಿಂದ ತುಂಬಿದ ಇಂಗಾಲ ಪಡೆದರು. ನಮಗೆ ಹತ್ತಿರದ್ದು 2009ರ ಕೆಲಸ. ಜಪಾನಿನ ಊಎದಾ ಪಟ್ಟಣದಲ್ಲಿ ಶಿನ್‌ಶೂ ವಿಶ್ವವಿದ್ಯಾಲಯದ ಜವಳಿ ವಿಭಾಗವಿದೆ. ಅದು ಶುರುವಾದದ್ದೇ 1910ರಲ್ಲಿ, ರೇಷ್ಮೆ ಕೃಷಿಯ ಶಾಲೆಯಾಗಿ. ಅಲ್ಲಿಯವರು ರೇಷ್ಮೆ ಎಳೆಯಿಂದಲೇ ಇದ್ದಿಲು ಮಾಡಿ, ಅದು ಆಮ್ಲಜನಕದ ಕ್ರಿಯೆಗೆ ಒದಗುತ್ತದೆ ಎಂದು ತೋರಿಸಿದರು.

ಈ ಪುಡಿ ತಯಾರಾಗುವುದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ರೇಷ್ಮೆಯನ್ನೇ ಇಟ್ಟುಕೊಳ್ಳೋಣ. ಎಳೆಗಳನ್ನು ಸೋಡಾ ನೀರಿನಲ್ಲಿ ಕುದಿಸಿ, ಅಂಟನ್ನು ಕಳೆದು, ಒಣಗಿಸುತ್ತಾರೆ. ಪಿಂಗಾಣಿಯ ಪುಟ್ಟ ದೋಣಿಯಲ್ಲಿಟ್ಟು ಕೊಳವೆ ಕುಲುಮೆಗೆ ತಳ್ಳುತ್ತಾರೆ. ಕೊಳವೆಯ ಒಂದು ತುದಿಯಿಂದ ಸಾರಜನಕದ ಅನಿಲ ಹರಿಯುತ್ತಿರುತ್ತದೆ. ಆಮ್ಲಜನಕ ಸುಳಿಯಬಾರದು, ಸುಳಿದರೆ ಬೂದಿಯಷ್ಟೇ ಉಳಿಯುತ್ತದೆ. ಬಿಸಿ ನಿಧಾನವಾಗಿ ಏರುತ್ತದೆ. 300 ಡಿಗ್ರಿಯ ಆಚೀಚೆ ಸುಟ್ಟ ಕೂದಲಿನ ವಾಸನೆ. ಎಳೆ ಹಳದಿಯಾಗಿ, ಕಂದಾಗಿ, ಕಪ್ಪಾಗುತ್ತದೆ. 800, 900 ಡಿಗ್ರಿಗೆ ಬಂದಾಗ ವಾಸನೆಯೂ ಇಲ್ಲ, ಹೊಗೆಯೂ ಇಲ್ಲ. ಇಂಗಾಲ ಪದರ ಪದರವಾಗಿ ಕೂಡಿಕೊಂಡು, ವಿದ್ಯುತ್ ಹರಿಯುವ ಗುಣ ಪಡೆಯುತ್ತದೆ. ಸಾರಜನಕದ ಒಂದಂಶ ಹಾರಿಹೋಗಿ, ಒಂದಂಶ ಪದರದಲ್ಲೇ ಸಿಕ್ಕಿಕೊಳ್ಳುತ್ತದೆ. ಆಮೇಲೆ ಹಬೆಯನ್ನೋ ಕ್ಷಾರವನ್ನೋ ಹಾಯಿಸಿ ರಂಧ್ರ ಕೊರೆಯುತ್ತಾರೆ. ಕೊನೆಗೆ ಆಮ್ಲದಲ್ಲಿ ತೊಳೆಯುತ್ತಾರೆ. ಒಂದು ಕಿಲೋ ಎಳೆಯಿಂದ ಸಾಮಾನ್ಯವಾಗಿ ಸಿಗುವುದು ಒಂದೆರಡು ನೂರು ಗ್ರಾಂ ಪುಡಿ. ಬೆರಳಲ್ಲಿ ಉಜ್ಜಿದರೆ ಕಾಡಿಗೆಯ ನುಣುಪು. ಒಳಗಿನ ರಂಧ್ರಗಳ ಮೈಯನ್ನೆಲ್ಲ ಬಿಚ್ಚಿ ಹಾಸಿದರೆ, ಒಂದೇ ಒಂದು ಗ್ರಾಂ ಪುಡಿ ಹತ್ತು ಗುಂಟೆ ಜಮೀನನ್ನು ಮುಚ್ಚಬಲ್ಲದು. ಆಮ್ಲಜನಕ ಬಂದು ಕೂರುವ ಜಾಗ ಅದು.

ಮತ್ತೆ ಒಮ್ಮೆ ಕೂಡಿಸಿಕೊಳ್ಳೋಣ. ಜೀವ ಕೂಡಿಸಿಟ್ಟ ಸಾರಜನಕ ಕಸದಲ್ಲಿದೆ. ಕಾಯಿಸಿದರೆ ಅದು ಇಂಗಾಲದಲ್ಲಿ ನೆಲೆ ನಿಲ್ಲುತ್ತದೆ. ಕಬ್ಬಿಣ ಜೊತೆಗಿದ್ದರೆ ಪ್ಲಾಟಿನಂನ ಕೆಲಸ ನಡೆಯುತ್ತದೆ.

ಇನ್ನು ಕಷ್ಟದ ಭಾಗ. ಇದನ್ನು ಬಿಟ್ಟು ಹೇಳಿದರೆ ನಿಮಗೆ ಅನ್ಯಾಯವಾಗುತ್ತದೆ.

ಕಳೆದ ಹದಿನೈದು ವರ್ಷಗಳಲ್ಲಿ ಸೋಯಾ, ಮೊಟ್ಟೆಯ ಬಿಳಿ, ಕೆರೆಯ ಅಂತರಗಂಗೆ, ಸಿಗಡಿ ಸಿಪ್ಪೆ ಹೀಗೆ ಕೈಗೆ ಸಿಕ್ಕಿದ್ದನ್ನೆಲ್ಲ ಸುಟ್ಟು ಪ್ರಬಂಧ ಬರೆಯುವುದು ಹೆಚ್ಚಾಯಿತು. 2020ರಲ್ಲಿ ಪ್ರಾಗ್ ನಗರದ ಮಾರ್ಟಿನ್ ಪುಮೆರಾ ಮತ್ತು ಜೊತೆಗಾರರು ಇದಕ್ಕೊಂದು ನೇರ ಪರೀಕ್ಷೆ ಇಟ್ಟರು. ಗ್ರಾಫೀನ್ ಎಂಬ ಇಂಗಾಲದ ಹಾಳೆಗೆ ಹಕ್ಕಿಯ ಹಿಕ್ಕೆಯನ್ನು ಬೆರೆಸಿ ಕಾಯಿಸಿದರು. ಬರಿ ಗ್ರಾಫೀನ್‌ಗಿಂತ ಅದು ಚೆನ್ನಾಗಿ ಕೆಲಸ ಮಾಡಿತು. ಅದನ್ನೇ ಅವರು ಪ್ರಕಟಿಸಿ, ಸಹೋದ್ಯೋಗಿಗಳನ್ನು ಕೇಳಿದರು: ಏನು ಬೆರೆಸಿದರೂ ಸ್ವಲ್ಪ ಉತ್ತಮವಾಗುತ್ತದೆ ಎಂದಾದರೆ, ಪ್ರತಿ ಬೆರಕೆಗೂ ಒಂದು ಪ್ರಬಂಧ ಬೇಕೇ? ನನಗೆ ಈ ಪ್ರಶ್ನೆ ಅತ್ಯಗತ್ಯದ್ದು ಅನಿಸುತ್ತದೆ. ಯಾವ ಕಸದಿಂದ ಮಾಡಿದ್ದು ಎಂಬುದು ಸುದ್ದಿಯಾಗಬಾರದು. ಒಳಗೆ ಆ ಜೋಡಣೆ ಎಷ್ಟಿದೆ, ಎಷ್ಟು ಗಂಟೆ ಬಾಳಿತು ಎಂಬುದು ಸುದ್ದಿಯಾಗಬೇಕು.

ಗಂಟೆಯ ವಿಷಯ ಬಂತು. ಒಂದು ಕಾರಿನ ಇಂಧನ ಕೋಶ ಕಡಿಮೆಯೆಂದರೂ 5000 ಗಂಟೆ ಬಾಳಬೇಕು ಎಂದು ಅಮೆರಿಕದ ಇಂಧನ ಇಲಾಖೆ ಗುರಿ ಇಟ್ಟಿತ್ತು. ಕಬ್ಬಿಣ–ಸಾರಜನಕದ ಅನೇಕ ಪುಡಿಗಳು ಮೊದಲ ನೂರು ಗಂಟೆಯಲ್ಲೇ ಅರ್ಧ ಬಲ ಕಳೆದುಕೊಳ್ಳುತ್ತವೆ. ಕಾರಣ ಇದು. ಕಾರಿನ ಕೋಶದ ಪೊರೆ ಆಮ್ಲೀಯ. ಆಮ್ಲದಲ್ಲಿ ಕಬ್ಬಿಣ ಕರಗಿ ಜಾರುತ್ತದೆ. ಆಮ್ಲಜನಕ ಕೆಲವೊಮ್ಮೆ ನಾಲ್ಕು ಎಲೆಕ್ಟ್ರಾನ್ ಪಡೆಯುವ ಬದಲು ಎರಡಕ್ಕೇ ನಿಂತು ಹೈಡ್ರೋಜನ್ ಪೆರಾಕ್ಸೈಡ್ ಆಗುತ್ತದೆ. ಜಾರಿದ ಕಬ್ಬಿಣ ಮತ್ತು ಪೆರಾಕ್ಸೈಡ್ ಸೇರಿದರೆ ಇಂಗಾಲವನ್ನೂ ಪೊರೆಯನ್ನೂ ತಿನ್ನುವ ಉಗ್ರ ಕಣಗಳು ಹುಟ್ಟುತ್ತವೆ. ಇನ್ನೊಂದು ತೊಂದರೆ ದಪ್ಪದ್ದು. ಪ್ಲಾಟಿನಂನಷ್ಟು ಕೆಲಸ ತೆಗೆಯಲು ಈ ಪುಡಿಯನ್ನು ಹತ್ತು ಪಟ್ಟು ದಪ್ಪಕ್ಕೆ ಹಚ್ಚಬೇಕು. ಆಗ ಹುಟ್ಟಿದ ನೀರು ಒಳಗೇ ನಿಂತು ಗಾಳಿಯ ದಾರಿ ಮುಚ್ಚುತ್ತದೆ. ಈ ದಾರಿಯಲ್ಲಿ ಈಗ ಮುಂದಿರುವ ಪುಡಿಗಳು ಕಸದಿಂದ ಬಂದವೂ ಅಲ್ಲ. ಶುದ್ಧ ರಾಸಾಯನಿಕಗಳಿಂದ ಬಂದವು.

ಆದರೂ ದಾರಿ ಮುಚ್ಚಿಲ್ಲ. 2017ರಲ್ಲಿ ಕೆನಡಾದ ಬ್ಯಾಲಾರ್ಡ್ ಕಂಪನಿ ಜಪಾನಿನ ನಿಶ್ಶಿನ್‌ಬೋ ಜೊತೆ ಸೇರಿ, ಬಲಗಡೆಯಲ್ಲಿ ಪ್ಲಾಟಿನಂ ಇಲ್ಲದ 30 ವ್ಯಾಟಿನ ಪುಟ್ಟ ಇಂಧನ ಕೋಶವನ್ನು ಪ್ರಕಟಿಸಿತು. ನಿಶ್ಶಿನ್‌ಬೋ ಹುಟ್ಟಿದ್ದು 1907ರಲ್ಲಿ, ಹತ್ತಿ ನೂಲುವ ಗಿರಣಿಯಾಗಿ. ಆ ಕೋಶದಲ್ಲಿ ಪ್ಲಾಟಿನಂ ಬದಲು ಬಳಸಿದ ಇಂಗಾಲ ಕಸದ್ದಲ್ಲ. ತತ್ವ ಮಾತ್ರ ನಾವು ಮಾತಾಡುತ್ತಿರುವುದರ ಸಮೀಪದ್ದೇ.

ಇನ್ನು, ಆಮ್ಲ ಇಲ್ಲದ ಕಡೆ ಕಥೆಯೇ ಬೇರೆ. ಕೇಳುಗರಲ್ಲಿ ಕೆಲವರು ಕಿವಿಗೆ ಶ್ರವಣ ಯಂತ್ರ ಹಾಕಿಕೊಂಡು ಈ ಮಾತನ್ನು ಕೇಳುತ್ತಿರಬಹುದು. ಅದರೊಳಗಿನ ಬಿಲ್ಲೆ ಸೆಲ್ಲಿನ ಹಿಂದೆ ಒಂದು ಬಣ್ಣದ ಚೀಟಿ ಅಂಟಿರುತ್ತದೆ. ಅದನ್ನು ಕಿತ್ತ ಮೇಲೆ ಸಣ್ಣ ತೂತುಗಳಿಂದ ಗಾಳಿ ಒಳಹೋಗಿ ಸೆಲ್ ಎಚ್ಚರಗೊಳ್ಳುತ್ತದೆ. ಅದು ಸತು–ಗಾಳಿ ಸೆಲ್. ಅಲ್ಲಿಯೂ ಆಮ್ಲಜನಕದ್ದೇ ಕ್ರಿಯೆ. ಆದರೆ ಒಳಗಿರುವುದು ಕ್ಷಾರ. ಕ್ಷಾರದಲ್ಲಿ ಇಂಥ ಇದ್ದಿಲು ಪ್ಲಾಟಿನಂಗೆ ಸರಿಸಾಟಿಯಾಗಿ ನಿಂತ ಉದಾಹರಣೆಗಳು ಬಹಳಷ್ಟಿವೆ. ಕೊಳಚೆ ನೀರಿನ ಸೂಕ್ಷ್ಮಜೀವಿಗಳಿಂದ ವಿದ್ಯುತ್ ಪಡೆಯುವ ಕೋಶಗಳಲ್ಲೂ ಆಮ್ಲದ ಕಾಟವಿಲ್ಲ. ಕಸದ ಇದ್ದಿಲು ಮೊದಲು ಕಾಲೂರಬೇಕಾದದ್ದು ಇಲ್ಲಿ ಎಂದು ನನ್ನ ಗಟ್ಟಿ ನಂಬಿಕೆ. ಕಾರು ಆಮೇಲೆ ನೋಡಿಕೊಳ್ಳೋಣ.

ಹಾಗಾದರೆ ನಮ್ಮ ರೇಷ್ಮೆ? ದೇಶದಲ್ಲಿ ಅತಿ ಹೆಚ್ಚು ರೇಷ್ಮೆ ಬೆಳೆಯುವ ರಾಜ್ಯ ನಮ್ಮದು. ರಾಮನಗರ, ಶಿಡ್ಲಘಟ್ಟದ ನೂಲು ಬಿಚ್ಚುವ ಮನೆಗಳಲ್ಲಿ ಗೂಡು ಬೇಯುವ ಆ ಗಾಢ ವಾಸನೆ ಗೊತ್ತಿರುವವರಿಗೆ ಹೇಳಬೇಕಿಲ್ಲ, ಬಾಣಲೆಯಲ್ಲಿ ಕೊನೆಗೆ ಎಷ್ಟು ಉಳಿಯುತ್ತದೆ ಎಂದು. ಆದರೆ ಆ ಉಳಿಕೆ ಬಿಟ್ಟಿ ಸಿಗುವುದಲ್ಲ. ಎಳೆಗೆ ಸ್ಪನ್ ಸಿಲ್ಕ್ ಗಿರಣಿಗಳ ಗಿರಾಕಿ ಇದೆ. ಹುಳು ಎಣ್ಣೆಗೆ, ಕೋಳಿ ಮತ್ತು ಮೀನಿನ ಮೇವಿಗೆ ಹೋಗುತ್ತದೆ. ನೂಲು ಬಿಚ್ಚುವ ರೀಲರುಗಳಿಗೆ ಅದೂ ಆದಾಯವೇ. ಕಸ ಎಂದು ಕರೆದು ಅದರ ಬೆಲೆ ಇಳಿಸುವ ಯೋಜನೆ ಯಾವುದೇ ಬಂದರೂ ನಾನು ಒಪ್ಪಲಾರೆ. ಗಿರಾಕಿಯಿಲ್ಲದೆ ಕೊಳೆಯುವ ಪಾಲಿನಿಂದಲೇ ಶುರುಮಾಡಬೇಕು.

ಇನ್ನೂ ಒಂದು ತೊಡಕು ನೀರಿನದು. ಗೂಡು ಬೇಯುವುದು ಬೋರ್‌ವೆಲ್ ನೀರಿನಲ್ಲಿ. ಒಂದೊಂದು ಬೋರಿನ ನೀರಿಗೆ ಒಂದೊಂದು ಗಡಸು, ಒಂದೊಂದು ಲವಣ, ಕಬ್ಬಿಣವೂ ಬೇರೆ ಬೇರೆ. ಅದೆಲ್ಲ ಎಳೆಗೆ ಅಂಟಿ ಕುಲುಮೆಗೆ ಹೋಗುತ್ತದೆ. ಈ ಮನೆಯ ಎಳೆಯ ಇದ್ದಿಲು ಚೆನ್ನಾಗಿ ದುಡಿದರೆ, ಪಕ್ಕದ ಮನೆಯದು ದುಡಿಯದೇ ಹೋಗಬಹುದು. ಬೆಂಗಳೂರಿನ ಪ್ರಯೋಗಶಾಲೆಗಳಿಗೂ ಶಿಡ್ಲಘಟ್ಟಕ್ಕೂ ಇರುವ ದೂರ ಸುಮಾರು 60 ಕಿಲೋಮೀಟರ್. ಹತ್ತು ಬೇರೆ ಬೇರೆ ರೀಲರುಗಳ ಮನೆಯಿಂದ, ಬೇಸಿಗೆಯಲ್ಲೂ ಮಳೆಗಾಲದಲ್ಲೂ, ನ್ಯಾಯವಾದ ಬೆಲೆ ಕೊಟ್ಟು ಎಳೆ ತರಲಿ. ಒಂದೇ ಕುಲುಮೆಯಲ್ಲಿ ಒಂದೇ ಬಗೆಯಲ್ಲಿ ಕಾಯಿಸಲಿ. ಸತು–ಗಾಳಿ ಸೆಲ್ಲಿನಲ್ಲಿಟ್ಟು ಸಾವಿರ ಗಂಟೆ ಓಡಿಸಲಿ. ಗೆದ್ದ ಬ್ಯಾಚುಗಳ ಜೊತೆಗೆ ಸೋತ ಬ್ಯಾಚುಗಳ ಲೆಕ್ಕವನ್ನೂ ಪ್ರಕಟಿಸಲಿ. ಆ ಲೆಕ್ಕ ಕನ್ನಡದಲ್ಲಿ ಬಂದು, ಎಳೆ ಮಾರಿದ ರೀಲರುಗಳ ಕೈಗೂ ಸಿಗಲಿ.